ಶೇಂಗಾ ಎಣ್ಣಿ

ಮಾಸ್ತರು ತೀರಿಕೊಂಡ ಮರುವಾರವೇ ಸ್ಮರಣ ಸಂಚಿಕೆಯ ಸಮಿತಿಯವರು ನನಗೆ ಫೋನ್ ಮಾಡಿದರು. "ಅಕ್ಕೋರ, ನೀವು ಅವರ ಕೈಯಾಗ ಕಲತವರು, ಈಗ ನೀವೂ ಕನ್ನಡಾ ಕಲಸ್ತೀರಿ. ಗುರುಗಳ ಬಗ್ಗೆ ನಾಕ ಛಲೋ ಮಾತ ಬರದ ಕೊಡ್ರಿ" ಎಂದರು. ಬರೆದು ಕೊಡುತ್ತೇನೆ ಎಂದೆ. ಸತ್ತ ಎಮ್ಮೆ ಹಂಡೆ ಹಾಲು ಕರೆಯುತ್ತಿತ್ತು ಎನ್ನುವ ಜನ ನಾವು. ಸಂಚಿಕೆಯ ತುಂಬ ಹಾಲು ಹರಿಯುತ್ತದೆಂದು ನನಗೆ ಗೊತ್ತು. ಛಲೋ ಮಾತು ನಾಲ್ಕೇ ಸಾಕೆಂದು ಅವರೇ ಹೇಳಿದ್ದಾರಲ್ಲ, ಅವನ್ನು ಮೊದಲು ಮುಗಿಸಿಬಿಡುತ್ತೇನೆ. ಆಮೇಲೆ ಬರುವುದು ನನ್ನದು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ತಮ್ಮ ಮಲ್ಲುವಿನ ಹೆಸರು ಪೇಪರಿನಲ್ಲಿ ಕುಡುಕನೆಂದು ಅಚ್ಚಾಯಿತು. ಆ ದಿನ ಇವರ ಹೆಸರು ಎಲ್ಲಿಯೂ ಬರಲಿಲ್ಲ, ಬಾರದ ಹಾಗೆ ಇವರೇ ನೋಡಿಕೊಂಡರು. ಇಲ್ಲಿಯೂ ಬರುವುದು ಬೇಡ.

ಅವರನ್ನು ಮೊದಲು ಕಂಡದ್ದು ನಮ್ಮೂರು ಇಂಡಿಯ ಹೈಸ್ಕೂಲಿನಲ್ಲಿ, ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ. ಬಿಳಿ ಅಂಗಿಯ ಕಿಸೆಯಲ್ಲಿ ಒಂದು ಕೆಂಪು ಪೆನ್ನು. ನೀಲಿ ಪೆನ್ನು ಅವರ ಹತ್ತಿರ ಇದ್ದದ್ದೇ ನೋಡಲಿಲ್ಲ, ಹಾಜರಿಗೂ ಇನ್ನೊಬ್ಬರ ಪೆನ್ನು ಕೇಳಿ ಸಹಿ ಮಾಡುತ್ತಿದ್ದರು. ಪಾಠ ಓದಲು ನನ್ನನ್ನು ಎಬ್ಬಿಸಿದರು. ನಾನು ‘ಶಾಂತಿ’ಯನ್ನು ‘ಸಾಂತಿ’ ಎಂದು ಓದಿದೆ. ನಮ್ಮ ಓಣಿಯಲ್ಲಿ ಎಲ್ಲರೂ ಸಾಂತಿಯೇ, ಶಾಲೆಯೂ ಸಾಲಿಯೇ. ಅವರು ಬೈಯಲಿಲ್ಲ. ನನ್ನ ಅಂಗೈಯನ್ನು ನನ್ನದೇ ಬಾಯಿಯ ಮುಂದೆ ಹಿಡಿಸಿದರು. "ಸ ಅನ್ನು. ಗಾಳಿ ಸಣ್ಣಗ ಬಂತಿಲ್ಲೋ? ಈಗ ಶ ಅನ್ನು. ಅಗಲಾಗಿ ಬರ್ತೈತಿ. ಕಿವಿ ಮೋಸ ಮಾಡ್ತೈತಿ ಹುಡುಗಿ, ಅಂಗೈ ಮಾಡೂದಿಲ್ಲ" ಎಂದರು. ನಾನು ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಕೈಯನ್ನು ಬಾಯಿಗೆ ಹಿಡಿದು ಶ, ಸ ಎಂದು ಅಭ್ಯಾಸ ಮಾಡಿದೆ. ಇವತ್ತು ಯಂಕಂಚಿಯ ನನ್ನ ಶಾಲೆಯ ಮಕ್ಕಳಿಗೂ ಹಾಗೆಯೇ ಕಲಿಸುತ್ತೇನೆ. ಇದು ಒಂದು ಛಲೋ ಮಾತು.

ಎರಡನೆಯದು ನಗೆಯದು. ನಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಝಳಕಿಯ ಹೆದ್ದಾರಿಯಲ್ಲಿ ಬಸ್ಸು ನಿಂತಿತು. ಧಾಬಾದ ಬೋರ್ಡಿನ ಮೇಲೆ ‘ಶುದ್ದ ಸಸ್ಯಹಾರಿ’ ಎಂದು ದೊಡ್ಡದಾಗಿ ಬರೆಸಿದ್ದರು. ಮಾಸ್ತರು ಚಹಾ ಕುಡಿಯದೆ ಗಲ್ಲೆಯ ಮುಂದೆ ನಿಂತು, "ತಮ್ಮಾ, ಸಸ್ಯ ಎಲ್ಲಿಗಿ ಹಾರೇತಿ?" ಎಂದು ಕೇಳಿದರು. ಮಾಲೀಕನಿಗೆ ಅರ್ಥವಾಗಲಿಲ್ಲ. ಇವರು ಬಿಡಬೇಕಲ್ಲ. ಬಣ್ಣದ ಡಬ್ಬಿ ತರಿಸಿ, ಸ್ಟೂಲು ಹತ್ತಿ, ‘ಸ್ಯ’ಕ್ಕೆ ದೀರ್ಘ ಎಳೆದು, ‘ದ್ದ’ದ ಹೊಟ್ಟೆ ಸೀಳಿ ‘ದ್ಧ’ ಮಾಡಿ ಇಳಿದರು. ಡ್ರೈವರು ಹಾರ್ನು ಹೊಡೆಯುತ್ತಲೇ ಇದ್ದ. "ತಪ್ಪ ಬರದಂವ ಅರ್ಧಾ ತಪ್ಪಿತಸ್ಥ. ನೋಡಿ ಸುಮ್ಮ ಕುಂತಂವ ಪೂರಾ ತಪ್ಪಿತಸ್ಥ" ಎಂದು ಬಸ್ಸಿನಲ್ಲಿ ನಮಗೆಲ್ಲ ಹೇಳಿದರು. ಈ ಮಾತನ್ನು ಅವರ ಶಿಷ್ಯರು ಯಾರೂ ಮರೆತಿಲ್ಲ, ನಾನಂತೂ ಮರೆತಿಲ್ಲ.

ಮದುವೆ ಪತ್ರಿಕೆಗಳು ಅವರ ಕಣ್ಣಿಗೆ ಬೀಳದೆ ಅಚ್ಚಾಗುತ್ತಿರಲಿಲ್ಲ. ಒಮ್ಮೆ ಯಾರದೋ ಮಣ್ಣಿಗೆ ಹೋದಾಗ ಹೆಣದ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ‘ಶ್ರದ್ದಾಂಜಲಿ’ ಎಂದಿತ್ತು. ಅಳುವವರ ನಡುವೆ ದಾರಿ ಮಾಡಿಕೊಂಡು ಹೋಗಿ, ಕೆಂಪು ಪೆನ್ನಿನಿಂದ ಅದರ ಹೊಟ್ಟೆಯನ್ನೂ ಸೀಳಿ ಬಂದರು. ಹಲಸಂಗಿಯ ಗಾಳಿ ಕುಡಿದು ಬೆಳೆದವನು ನಾನು, ತಪ್ಪು ಕನ್ನಡ ನನಗೆ ದಕ್ಕುವುದಿಲ್ಲ ಎನ್ನುವುದು ಅವರ ಹೆಮ್ಮೆ. ಹೆಮ್ಮೆ ಪಡುವಷ್ಟು ವಿದ್ಯೆಯೂ ಇತ್ತು. ಇದು ಮೂರನೆಯದು.

ಅವರ ಇನ್ನೊಂದು ಹುಚ್ಚು ಮೀನು. ರಜೆ ಸಿಕ್ಕರೆ ಗಾಳ ತೆಗೆದುಕೊಂಡು ನೀರಿಗೆ. ವ್ಯಾಕರಣದಲ್ಲಿಯೂ ಮೀನೇ ಬರುತ್ತಿತ್ತು. "ಗಾಳ ಇಲ್ಲದ ದಾರ, ಕ್ರಿಯಾಪದ ಇಲ್ಲದ ವಾಕ್ಯ, ಎರಡೂ ದಂಡ. ಮದಲ ಕ್ರಿಯಾಪದ ಹುಡುಕ್ರಿ. ಆಮ್ಯಾಲೆ ಅದನ್ನ ಮಾಡಿದಂವ ಯಾರು ಅಂತ ಕೇಳ್ರಿ. ಅವನ ಕರ್ತೃ. ಎಲ್ಲಿ ಅಡಗಿದ್ದರೂ ಎಳದ ತಗೀರಿ" ಎನ್ನುತ್ತಿದ್ದರು. ಒಂದು ಪದಕ್ಕೆ ಎರಡು ಅರ್ಥ ಇರುವುದನ್ನು ಕಲಿಸಿದ ದಿನ ಅವರು ಕೊಟ್ಟ ಉದಾಹರಣೆ ಎಣ್ಣಿ. ನಮ್ಮ ಕಡೆ ಎಣ್ಣಿ ಒಗ್ಗರಣೆಗೂ ಬೇಕು, ಗಂಟಲಿಗೂ ಬೇಕು. "ಅವ್ವ ಎಣ್ಣಿ ತಾ ಅಂದ್ರ ಕಿರಾಣಿ ಅಂಗಡಿಗಿ ಹೋಗ್ರಿ, ಅಪ್ಪ ಎಣ್ಣಿ ತಾ ಅಂದ್ರ ಸಾಲಿಗಿ ಬರ್ರಿ" ಎಂದರು. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ನಮ್ಮಪ್ಪ ಆಗ ಬದುಕಿದ್ದ, ಅವನ ಬದುಕು ಆ ಎಣ್ಣಿಯಲ್ಲೇ ನಡೆದಿತ್ತು. ಮಾಸ್ತರಿಗೆ ಅದು ಆಮೇಲೆ ಗೊತ್ತಾಗಿ, ಶಾಲೆ ಬಿಟ್ಟ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ತಪ್ಪಾತವಾ" ಎಂದರು. ನಾಲ್ಕು ಮುಗಿದವು.

ಅಪ್ಪ ಕುಡಿದು ಕುಡಿದು ಸತ್ತ. ಅವ್ವ ಇಂಡಿಯ ನಿಂಬೆ ತೋಟಗಳಲ್ಲಿ ಕಾಯಿ ಹರಿದು ನಮ್ಮಿಬ್ಬರನ್ನು ಓದಿಸಿದಳು. ನಿಂಬೆಯ ಮುಳ್ಳು ಗೀರಿ ಅವಳ ಮೊಳಕೈವರೆಗೆ ಬಿಳಿ ಬಿಳಿ ಗೆರೆಗಳಿದ್ದವು. ಮಲ್ಲು ಹೈಸ್ಕೂಲಿಗೆ ಹೋಗುವ ದಿನ ಆ ಕೈ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು. ಅವನು ಕುಡಿಯುವುದಿರಲಿ, ಕುಡಿದವರ ಪಕ್ಕ ಬಸ್ಸಿನಲ್ಲಿ ಕೂಡುತ್ತಿರಲಿಲ್ಲ, ನಿಂತು ಹೋಗುತ್ತಿದ್ದ. ಓದಿ ಚಿತ್ರಕಲೆಯ ಮಾಸ್ತರನಾದ. ನೌಕರಿ ಸಿಕ್ಕಿದ್ದು ಸಿಂದಗಿಯಲ್ಲಿ, ನಮ್ಮ ಮಾಸ್ತರು ವರ್ಗವಾಗಿ ಹೋಗಿದ್ದ ಶಾಲೆಯಲ್ಲೇ. ಇದಕ್ಕಿಂತ ಪುಣ್ಯವಿಲ್ಲ ಎಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಲ್ಲು ಅವರ ಗಾಳದ ಕೋಲು ಹೊರುತ್ತಿದ್ದ, ಅವರ ಸ್ಕೂಟರು ಒರೆಸುತ್ತಿದ್ದ. "ಅಕ್ಕಾ, ಸರ್ ಒಂದ ಮಾತ ಹೇಳಿದ್ರ ಅಲ್ಲ ಅನ್ನಾಕ ಆಗೂದಿಲ್ಲ ನನಗ" ಎನ್ನುತ್ತಿದ್ದ.

ಶ್ರಾವಣ ಮುಗಿದ ಮೇಲಿನ ಮೊದಲ ರವಿವಾರ ಅವರೆಲ್ಲ ಮೀನಿಗೆ ಹೋದರು. ತಿಂಗಳಿಡೀ ಬಾಯಿ ಕಟ್ಟಿದವರು ಆ ರವಿವಾರಕ್ಕೆ ಕಾಯ್ದಿರುತ್ತಾರೆ. ಮಾಸ್ತರು, ಮಲ್ಲು, ಇನ್ನಿಬ್ಬರು ಶಿಕ್ಷಕರು ಒಂದು ಕಾರಿನಲ್ಲಿ ಬಸವನ ಬಾಗೇವಾಡಿ ದಾಟಿ ಕೃಷ್ಣೆಯ ಹಿನ್ನೀರಿಗೆ ಹೋದರು. ಹರಗೋಲಿನಲ್ಲಿ ನಡುಗಡ್ಡೆಗೆ ದಾಟಿ ಒಲೆ ಹೂಡಿದರು. ಸಂಜೆ ಮೀನುಗಾರರ ದೋಣಿಯಲ್ಲಿ ಮೂವರು ದಂಡೆಗೆ ಬಂದರು, ಮಲ್ಲು ಬರಲಿಲ್ಲ. ಅವನು ಎಲ್ಲಿ ಎಂದು ದಂಡೆಯ ಜನ ಕೇಳಿದ್ದಕ್ಕೆ ಮಾಸ್ತರು ಎದೆ ಬಡಿದುಕೊಂಡು ಅಳುತ್ತ, "ಎಣ್ಣಿ ತರಾಕ ಹೋಗಿದ್ದ" ಎಂದರು. ಗುಂಪಿನಲ್ಲಿ ಯಾರೋ, "ಎಣ್ಣಿ ಏರಿಸಿದ ಮ್ಯಾಲೆ ನೀರಿಗಿ ಇಳೀಬಾರದು" ಎಂದರು. ಜೊತೆಯ ಶಿಕ್ಷಕರಿಬ್ಬರೂ ಮಾಸ್ತರ ಮುಖ ನೋಡಿದರು. ಮಾಸ್ತರು ಕೇಳಿಸಿಕೊಂಡಿದ್ದರು. ಅಲ್ಲ ಎನ್ನಲಿಲ್ಲ.

ಮುಳುಗಿದ ಹೊಲಗಳ ಜಾಲಿ ಗಿಡಗಳು ಆ ನೀರಿನೊಳಗೆ ಇನ್ನೂ ನಿಂತಿವೆ. ಮಲ್ಲು ಅವುಗಳಲ್ಲಿ ಸಿಕ್ಕಿಕೊಂಡಿದ್ದ. ಬಾವಿಯಲ್ಲಿ ಈಜು ಕಲಿತವನಿಗೆ ಆ ನೀರಿನ ಗುಣ ಏನು ಗೊತ್ತು? ಮರುದಿನ ಮೀನುಗಾರರು ತೆಗೆದುಕೊಟ್ಟರು. ಅವ್ವನ ಕೈಯ ಮೇಲಿದ್ದಂಥ ಗೀರುಗಳು ಅವನ ಮೈತುಂಬ ಇದ್ದವು.

ಅವನ ಮೋಟಾರ್ ಸೈಕಲ್ಲು ಮಾಸ್ತರ ಅಂಗಳದಲ್ಲಿ ಉಳಿದಿತ್ತು. ಮಣ್ಣು ಮುಗಿದ ಮೇಲೆ ಅದನ್ನು ತರಲು ಸಿಂದಗಿಗೆ ಹೋದೆ. ಮಾಸ್ತರು ಕಾಟಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ಪೇಪರು ಬಿದ್ದಿತ್ತು. ದಿನದ ಪೇಪರನ್ನು ಕೆಂಪು ಪೆನ್ನು ಹಿಡಿದೇ ಓದುವ ಚಟ ಅವರದು. ‘ಎಣ್ಣೆ ಏಟಿನಲ್ಲಿ ಹರಗೋಲು ಹತ್ತಿದ ಶಿಕ್ಷಕ ನೀರುಪಾಲು’ ಎಂಬ ಸುದ್ದಿಯೂ ಅದರಲ್ಲಿತ್ತು. ಸುದ್ದಿಯೊಳಗೆ ‘ಹಿನ್ನಿರು’ ಎಂದು ತಪ್ಪಾಗಿ ಅಚ್ಚಾಗಿತ್ತು. ಮಾಸ್ತರು ಅಲ್ಲಿ ಕೆಂಪಿನಲ್ಲಿ ದೀರ್ಘ ಹಾಕಿ ‘ಹಿನ್ನೀರು’ ಮಾಡಿದ್ದರು. ಮೇಲಿನ ತಲೆಬರಹವನ್ನು ಹಾಗೆಯೇ ಬಿಟ್ಟಿದ್ದರು. ನನ್ನ ತಮ್ಮ ಕುಡಿದಿದ್ದನೆಂದು ನಾನು ಒಂದು ಗಳಿಗೆಯೂ ನಂಬಿರಲಿಲ್ಲ, ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಗಾಡಿ ತೆಗೆದುಕೊಂಡು ಬಂದೆ.

ಅವ್ವ ನಂಬಿದಳು. ಅಪ್ಪನನ್ನು ಕಂಡವಳಿಗೆ ನಂಬುವುದು ಸುಲಭವಾಗಿತ್ತು. "ಅವರಪ್ಪನ ಹಾದಿ ಹಿಡದಾ ಬಿಡು" ಎಂದಳು, ಆಮೇಲೆ ಮಗನ ಮಾತೇ ಆಡಲಿಲ್ಲ. ಮಾತಾಡಿಸಲು ಬಂದವರ ಮುಂದೆ ಅಳದೆ, ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಂಡು ಕೂತಳು. ಅವನ ಫೋಟೋ ಗೋಡೆಗೆ ಹಾಕಲು ಬಿಡಲಿಲ್ಲ. ವರ್ಷ ತುಂಬಿದಾಗ ಆ ಹಿನ್ನೀರಿಗೆ ಹೋಗಿ ಗಂಗೆಗೆ ಉಡಿ ಕೊಟ್ಟು ಬರೋಣ ಎಂದರೆ, "ಕುಡದ ಸತ್ತವನ ಹೆಸರಿಲೆ ಗಂಗವ್ವಗ ಏನ ಉಡಿ ಕೊಡ್ತಿ" ಎಂದಳು.

ನಾನೊಬ್ಬಳೇ ಹೋದೆ. ದಂಡೆಯ ಊರಿನಲ್ಲಿ ಒಂದು ಕಿರಾಣಿ ಅಂಗಡಿಯಿದೆ, ಬಿಳಿ ಗಡ್ಡದ ಒಬ್ಬ ಕಾಕಾ ನಡೆಸುತ್ತಾರೆ. ಉಡಿಗೆಂದು ಕುಪ್ಪಸದ ಖಣ, ಕಾಯಿ ಕೇಳಿದೆ. ಯಾರ ಹೆಸರಿನಲ್ಲಿ ಎಂದು ಕೇಳಿದರು. ಹೇಳಿದೆ. ಕಾಕಾ ತಕ್ಕಡಿ ಕೆಳಗಿಟ್ಟರು.

"ಅವನ ಅಕ್ಕನೇನವಾ ನೀ? ಕೂಡ ಬಾ. ಅವತ್ತ ಮಧ್ಯಾಹ್ನ ಇಲ್ಲೇ ನಿಂತಿದ್ದಾ ನಿನ್ನ ತಮ್ಮ. ಮೀನ ಹೆಚ್ಚಿ ಕುಂತಾರ, ಎಣ್ಣೀನ ಮರತ ಬಂದಾರ, ಸರ್ ಕಳಿಸ್ಯಾರ ಅಂದಾ. ಒಂದ ಪಾಕೀಟ ಶೇಂಗಾ ಎಣ್ಣಿ ಕೊಟ್ಟೆ. ಗಾಳಿ ಬಿಟ್ಟಿತ್ತವಾ, ನೀರ ಕುದಿಯಾಕತ್ತಿತ್ತು. ಹರಗೋಲಿನಂವ ಬರೂತನಕ ಕೂಡು, ಚಾ ಕುಡಿ ಅಂದೆ. ಸರ್ ಸಿಟ್ಟಾಗ್ತಾರ ಕಾಕಾ ಅಂದ, ತಾನೊಬ್ಬನ ಹರಗೋಲ ಹತ್ತಿ ಹ್ವಾದಾ."

"ಪೊಲೀಸರ ಮುಂದ ಇದನ್ನ ಹೇಳಲಿಲ್ಲೇನ್ರಿ?" ಎಂದೆ.

ಅವರು ಹಣೆ ಬಡಿದುಕೊಂಡರು. "ಅವ್ರು ಬಂದು, ಏನ ಮುದುಕಾ, ನಿನ್ನ ಕಡಿಂದ ಎಣ್ಣಿ ಒಯ್ದನೇನು ಅಂತ ಕೇಳಿದ್ರು. ಹೌದ್ರಿ, ಒಯ್ದಾ ಅಂದೆ. ಬರಕೊಂಡ ಹ್ವಾದ್ರು. ಅವ್ರ ಕೇಳಿದ್ದ ಯಾವ ಎಣ್ಣಿ ಅಂತ ನನಗ ಪೇಪರ ಓದಿ ಹೇಳಿದಾಗ ಗೊತ್ತಾತು. ನಾ ಐದ ಹೊತ್ತ ನಮಾಜ ಮಾಡಾಂವ, ನನ್ನ ಅಂಗಡ್ಯಾಗ ಆ ಎಣ್ಣಿ ಎಲ್ಲಿಂದ ಬರಬೇಕವಾ?"

ಕಾಕಾನ ತಪ್ಪಿಗೆ ನಾನು ಸಿಟ್ಟಾಗಲಿಲ್ಲ. ಒಂದೇ ಪದವನ್ನು ಕೇಳಿದವರು ಒಂದರ್ಥದಲ್ಲಿ ಕೇಳಿದರು, ಹೇಳಿದವರು ಇನ್ನೊಂದರಲ್ಲಿ ಹೇಳಿದರು. ಆದರೆ ಆ ಪದಕ್ಕೆ ಎರಡು ಅರ್ಥವಿದೆ ಎಂದು ತರಗತಿಗೆ ಪಾಠ ಮಾಡಿದ ಮನುಷ್ಯ ದಂಡೆಯ ಮೇಲೇ ಇದ್ದನಲ್ಲ. ಎಣ್ಣಿಯ ಮುಂದೆ ಶೇಂಗಾ ಎಂಬ ಒಂದು ಪದ ಸೇರಿಸಿದ್ದರೆ ಮುಗಿಯುತ್ತಿತ್ತು. ಸೇರಿಸಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಅಂಥ ಗಾಳಿಯಲ್ಲಿ ಅವನನ್ನು ಶೇಂಗಾ ಎಣ್ಣಿಗೆ ಕಳಿಸಿದವರು ಯಾರು? ಆ ಪ್ರಶ್ನೆ ಬಾರದಿರಲೆಂದು ಅವರು ನನ್ನ ತಮ್ಮನನ್ನು ಎರಡನೆಯ ಸಲ ಮುಳುಗಿಸಿದರು. ಮೊದಲನೆಯದನ್ನು ನಾನು ಕ್ಷಮಿಸುತ್ತಿದ್ದೆನೇನೋ. ನೀರು ಯಾರ ಮಾತನ್ನೂ ಕೇಳುವುದಿಲ್ಲ. ಎರಡನೆಯದಕ್ಕೆ ಕ್ಷಮೆ ನನ್ನಲ್ಲಿ ಇಲ್ಲ.

ಅವ್ವನಿಗೆ ಹೇಳಿದೆ. ಕಾಕಾನನ್ನು ಇಂಡಿಗೆ ಕರೆದುಕೊಂಡು ಬಂದು ಅವರ ಬಾಯಿಂದಲೂ ಹೇಳಿಸಿದೆ. "ಪೊಲೀಸರ ಮುಂದ ಹೌದಂದಂವ ಈಗ ಅಲ್ಲ ಅಂತಾನ. ನೀ ತಮ್ಮನ ಮ್ಯಾಲಿನ ಮಾಯೆಕ್ಕ ಹೇಳಸಾಕತ್ತಿ. ಮಾಸ್ತರ ಬಂದು ಹೇಳಲಿ, ನಂಬತೇನಿ. ಅವರು ಸುಳ್ಳ ಹೇಳವರಲ್ಲ" ಎಂದಳು ಅವ್ವ.

ಮತ್ತೆ ಸಿಂದಗಿಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟರು. ನಾನು ಮುಟ್ಟಲಿಲ್ಲ.

"ಸರ್, ಪೊಲೀಸರಿಗಿ ಹೇಳ್ರಿ ಅನ್ನಂಗಿಲ್ಲ, ಪೇಪರಿನವರಿಗಿ ಹೇಳ್ರಿ ಅನ್ನಂಗಿಲ್ಲ. ನಮ್ಮ ಅವ್ವನ ಮುಂದ ಕುಂತು ಒಂದ ಪದ ತಿದ್ರಿ. ಸಾಕು."

ಅವರು ಅಂಗೈ ನೋಡಿಕೊಂಡರು. ನಿವೃತ್ತಿ ಹತ್ತಿರ ಬಂದಿತ್ತು, ಬೀಳ್ಕೊಡುವ ಸಮಾರಂಭದ ತಯಾರಿ ನಡೆದಿತ್ತು. "ಅದೊಂದ ಪದಾ ತಿದ್ದಿದ್ರ ಇಡೀ ವಾಕ್ಯಾನ ಬದಲಾಗ್ತೈತವಾ" ಎಂದರು.

"ಬದಲಾಗಲಿ ಅಂತನ ಬಂದೇನ್ರಿ."

"ಆತು. ಬರ್ತೇನಿ."

ನಮ್ಮ ಕಡೆಯ ‘ಬರ್ತೇನಿ’ ವರ್ತಮಾನವೂ ಹೌದು, ಭವಿಷ್ಯವೂ ಹೌದು ಎಂದು ಅವರೇ ಕಲಿಸಿದ್ದರು. ಅವರದು ಎರಡೂ ಆಗಲಿಲ್ಲ. ಅವ್ವ ಮಾತ್ರ ಪ್ರತಿ ರವಿವಾರ ಅಂಗಳ ಗುಡಿಸಿ, ಪಕ್ಕದ ಮನೆಯಿಂದ ಖುರ್ಚಿ ತಂದು ಹಾಕಿ ಹೊಸ್ತಿಲಲ್ಲಿ ಕೂಡುತ್ತಿದ್ದಳು. ಸಂಜೆಗೆ ಖುರ್ಚಿ ವಾಪಸು ಕೊಟ್ಟು ಬರುತ್ತಿದ್ದಳು. ಹಾಸಿಗೆ ಹಿಡಿದ ಮೇಲೆಯೂ ಬಾಗಿಲ ಕಡೆಗೇ ಕಣ್ಣು. "ಮಾಸ್ತರ ಬಂದ್ರೇನು?" ಎನ್ನುವುದು ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಇಲ್ಲ ಎಂದೆ. ಹೌದು ಎನ್ನಬಹುದಿತ್ತು ಎಂದು ಬೇರೆಯವರು ಹೇಳುತ್ತಾರೆ. ಸುಳ್ಳು ಹೇಳುವುದು ನಮ್ಮ ಮನೆಯ ಕೆಲಸವಾಗಿರಲಿಲ್ಲ. ಅವಳು ಮಗನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳು.

ಆಮೇಲೆ ನನಗೆ ಉಳಿದದ್ದು ಒಂದೇ ಕೆಲಸ. ಶ್ರಾವಣ ಮುಗಿದ ಮೊದಲ ರವಿವಾರ ಬಂತೆಂದರೆ ಸಿಂದಗಿಗೆ ಹೋಗಿ, ಮಾಸ್ತರ ಮನೆಯ ಕಟ್ಟೆಯ ಮೇಲೆ ಒಂದು ಪಾಕೀಟು ಶೇಂಗಾ ಎಣ್ಣಿ ಇಟ್ಟು ಬರುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಮೊದಲ ಸಲ ಅವರೇ ಬಾಗಿಲಿಗೆ ಬಂದರು. ನನ್ನನ್ನು ನೋಡಿದರು, ಪಾಕೀಟು ನೋಡಿದರು, ಬಾಗಿ ಎತ್ತಿಕೊಂಡು ಒಳಗೆ ಹೋದರು. ಮುಂದಿನ ವರ್ಷ ಅವರ ಹೆಂಡತಿ ಬಂದು, "ಯಾಕ ತರ್ತಿ ತಂಗಿ ಇದನ್ನ? ಅವರು ಕರದದ್ದು, ಹುರದದ್ದು ತಿನ್ನೂದ ಬಿಟ್ಟಾರ. ಗಾಳಾನೂ ಮುರದ ಒಲಿಗಿ ಹಾಕ್ಯಾರ" ಎಂದರು. "ಯಾಕಂತ ಅವರನ್ನ ಕೇಳ್ರಿ ಅಕ್ಕಾರ" ಎಂದೆ. ಒಳಗೆ ಕೆಮ್ಮು ಕೇಳಿಸಿತು. ಅವರು ಬಾಯಿ ಕಟ್ಟಿದ್ದಾರೆ ಎಂಬ ಸುದ್ದಿ ಕೇಳಿ ನನಗೆ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಅದಕ್ಕೂ ಮೊದಲು, ಅವ್ವ ಇನ್ನೂ ಖುರ್ಚಿ ಹಾಕಿ ಕಾಯುತ್ತಿದ್ದಾಗ, ಬೀಳ್ಕೊಡುವ ಸಮಾರಂಭಕ್ಕೂ ಹೋಗಿದ್ದೆ. ಮುದ್ದೇಬಿಹಾಳದಿಂದ ಬಂದಿದ್ದ ಅತಿಥಿಯೊಬ್ಬರು, ತಪ್ಪು ಕಂಡು ಸುಮ್ಮನೆ ಕೂಡದ ಗುರು ಇವರು ಎಂದು ಹೊಗಳಿದರು. ನಾನು ಗಟ್ಟಿಯಾಗಿ ನಕ್ಕೆ. ಜನ ತಿರುಗಿ ನೋಡಿದರು. ಮಾಸ್ತರು ಉತ್ತರ ಕೊಡಲು ಎದ್ದವರು ಎರಡು ಮಾತು ಆಡಿ ಕೂತರು.

ಹೋದ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅವರ ಹೆಂಡತಿ ಫೋನ್ ಮಾಡಿದರು. "ಏನೋ ಹೇಳಾಕ ಹೋಗ್ತಾರವಾ, ತಿಳಿವಲ್ದು. ನೀ ಕೊಟ್ಟ ಎಣ್ಣಿ ಪಾಕೀಟಿನ ಕಡೆ ಕೈ ಮಾಡ್ತಾರ. ಒಂದೀಟ ಬಂದ ಹೋಗು." ಹೋದೆ. ಮಂಚದ ಮೇಲೆ ಅರ್ಧ ಮುಖ ಜೋತು ಬಿದ್ದಿತ್ತು. ನನ್ನನ್ನು ಕಂಡು ಬಾಯಿ ತೆರೆದರು. "ಸೇ... ಸೇ..." ಎಂದರು.

ನಾನು ಮಂಚದ ಅಂಚಿಗೆ ಕೂತು, ಎಂಟನೆಯ ಇಯತ್ತೆಯಲ್ಲಿ ಅವರು ಕಲಿಸಿದ ಹಾಗೆ, ಅಂಗೈಯನ್ನು ಅವರ ಬಾಯಿಯ ಮುಂದೆ ಹಿಡಿದೆ. "ಸ ಅಲ್ರಿ ಸರ್. ಶ. ಗಾಳಿ ಅಗಲಾಗಿ ಬರಬೇಕು."

"ಸೇಂ..."

"ಸಣ್ಣಗ ಬಂತ್ರಿ. ಇನ್ನೊಮ್ಮೆ ಅನ್ರಿ."

ಅವರು ಮತ್ತೆ ಹೆಣಗಿದರು. ಜೊಲ್ಲು ನನ್ನ ಅಂಗೈಗೆ ಬಿತ್ತು. "ಬಿಡವಾ, ಸಾಯೂ ಜೀವ" ಎಂದು ಅವರ ಹೆಂಡತಿ ಅತ್ತರು. ನಾನು ಬಿಡಲಿಲ್ಲ. ಇನ್ನೊಮ್ಮೆ ಅನ್ನಿಸಿದೆ, ಆಮೇಲೆ ಮತ್ತೊಮ್ಮೆ. ಶ ಬರಲೇ ಇಲ್ಲ. "ಅವ್ವ ಖುರ್ಚಿ ಹಾಕಿ ಕುಂತಾಗ ನಿಮ್ಮ ಬಾಯಾಗ ಇತ್ತ್ರಿ ಅದು" ಎಂದು ಹೇಳಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬಂದೆ. ನನ್ನ ಎದೆ ತಣ್ಣಗಾಯಿತು. ಹೀಗೆಂದು ಬರೆಯಲು ನನಗೆ ನಾಚಿಕೆಯಿಲ್ಲ.

ಅವರ ಮಣ್ಣಿಗೂ ಹೋಗಿದ್ದೆ. ಶಿಷ್ಯರು ದೊಡ್ಡ ಬ್ಯಾನರು ಕಟ್ಟಿದ್ದರು. ‘ಗುರುಗಳಿಗೆ ಭಾವಪೂರ್ಣ ಶ್ರದ್ದಾಂಜಲಿ’ ಎಂದಿತ್ತು. ‘ದ್ದ’ದ ಹೊಟ್ಟೆ ಸೀಳಿರಲಿಲ್ಲ. ಅಷ್ಟು ಜನ ಶಿಷ್ಯರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ. ನನಗೆ ಕಂಡಿತು. ಚೀಲದಲ್ಲಿ ಕೆಂಪು ಪೆನ್ನಿತ್ತು, ನಾನೂ ಕನ್ನಡ ಶಿಕ್ಷಕಿ. ತೆಗೆಯಲಿಲ್ಲ. ಆ ತಪ್ಪಿನ ಕೆಳಗೇ ಅವರನ್ನು ಹೂಳಲು ಒಯ್ದರು.

ಸಮಿತಿಯವರಲ್ಲಿ ಒಂದು ವಿನಂತಿ. ಈ ಲೇಖನದಲ್ಲಿ ಒಂದು ಅಕ್ಷರವನ್ನೂ ತಿದ್ದಬೇಡಿ. ತಿದ್ದುವುದು ಇದ್ದದ್ದು ಒಂದೇ, ಅದನ್ನು ನಾನೇ ತಿದ್ದಿ ಕೊಟ್ಟಿದ್ದೇನೆ. ಮಾಸ್ತರು ಕಲಿಸಿದ ಹಾಗೆಯೇ, ಕ್ರಿಯಾಪದ ಹುಡುಕಿ, ಅಡಗಿದ್ದ ಕರ್ತೃವನ್ನು ಎಳೆದು ತೆಗೆದು.

ತಪ್ಪು: ಮಲ್ಲು ಎಣ್ಣಿ ತರಾಕ ಹೋಗಿದ್ದ.

ಸರಿ: ಮಾಸ್ತರು ಮಲ್ಲುವನ್ನು ಶೇಂಗಾ ಎಣ್ಣಿ ತರಲು ಕಳಿಸಿದ್ದರು.